ಬೆಳಿಗ್ಗೆ ಹುಲಿ, ಮಧ್ಯಾಹ್ನ ಇಲಿ: ಸೂಪರ್‌ಚಾರ್ಜರ್ ಎಂಜಿನ್ನಿನ ಒಂದು ಪ್ರಕರಣ

“ಬೆಳಿಗ್ಗೆ ಹುಲಿ, ಮಧ್ಯಾಹ್ನ ಇಲಿ.” ಕಾರನ್ನು ನನ್ನ ಮುಂದೆ ತಂದು ನಿಲ್ಲಿಸಿದ ಒಡೆಯರು ದೂರನ್ನು ಹೇಳಿದ್ದು ಈ ನಾಲ್ಕೇ ಪದಗಳಲ್ಲಿ. ಎಂಜಿನ್ ತಣ್ಣಗಿದ್ದಾಗ ಮೊದಲ ಬಾರಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಬೆನ್ನು ಸೀಟಿಗೆ ಅಂಟುತ್ತದೆ, ಮೂರನೆಯ ಬಾರಿ ಒತ್ತುವ ಹೊತ್ತಿಗೆ ಆ ಕಸುವು ಎಲ್ಲಿಗೋ ಹೋಗಿರುತ್ತದೆ ಎಂಬುದು ಅವರ ಅನುಭವ. ಅಷ್ಟು ಖಚಿತವಾಗಿ ಹೇಳಿದ್ದರಿಂದಲೇ ನನ್ನ ಕೆಲಸ ಅರ್ಧ ಹಗುರವಾಯಿತು. ದೋಷ ಯಾವಾಗ ಕಾಣುತ್ತದೆ, ಯಾವಾಗ ಕಾಣುವುದಿಲ್ಲ ಎಂದು ಹೇಳಬಲ್ಲ ಒಡೆಯರು ಸಿಗುವುದು ಅಪರೂಪ.

ಕಾರು 2003ರ ಮಾದರಿಯ ಮಿನಿ ಕೂಪರ್ ಎಸ್. 1,598 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, ಸಂಪೀಡನ ಅನುಪಾತ 8.3ಕ್ಕೆ 1, ಬೆಲ್ಟಿನಿಂದ ತಿರುಗಿ ಎಂಜಿನ್ನಿಗೆ ಗಾಳಿ ದಬ್ಬುವ ಈಟನ್ ಎಂ45 ಸೂಪರ್‌ಚಾರ್ಜರ್, ಆ ಗಾಳಿಯನ್ನು ತಣಿಸಲು ಎಂಜಿನ್ನಿನ ನೆತ್ತಿಯ ಮೇಲೆ ಕುಳಿತ ಇಂಟರ್‌ಕೂಲರ್. ಕಾರ್ಖಾನೆ ಘೋಷಿಸಿದ ಶಕ್ತಿ 6,000 ಆರ್‌ಪಿಎಂನಲ್ಲಿ 163 ಅಶ್ವಶಕ್ತಿ. ನನ್ನ ಬಳಿಗೆ ಬರುವ ಮೊದಲು ಬೇರೊಂದು ಗ್ಯಾರೇಜಿನಲ್ಲಿ ಇದಕ್ಕೆ ಮೂರು ಬದಲಾವಣೆಗಳಾಗಿದ್ದವು. ಸೂಪರ್‌ಚಾರ್ಜರ್ ಪುಲ್ಲಿಯನ್ನು, ಅಂದರೆ ಬೆಲ್ಟ್ ಸುತ್ತುವ ಗಾಲಿಯನ್ನು, ತೆಗೆದು ಶೇ. 19ರಷ್ಟು ಚಿಕ್ಕ ವ್ಯಾಸದ ಪುಲ್ಲಿ ಹಾಕಿದ್ದರು. ತೆರೆದ ಏರ್ ಫಿಲ್ಟರ್ ಮತ್ತು ಅಗಲವಾದ ಎಕ್ಸಾಸ್ಟ್ ಕೊಳವೆ ಕೂರಿಸಿದ್ದರು. ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್, ಸ್ಪಾರ್ಕ್ ಪ್ಲಗ್, ಎಂಜಿನ್ನಿನ ಕಂಪ್ಯೂಟರಾದ ಇಸಿಯುವಿಗೆ ಪೆಟ್ರೋಲು ಮತ್ತು ಕಿಡಿಯ ಲೆಕ್ಕ ಹೇಳುವ ಮ್ಯಾಪ್ ಎಲ್ಲವೂ ಮೊದಲಿದ್ದಂತೆಯೇ ಇದ್ದವು. ಒಡೆಯರಿಗೆ ಕೊಟ್ಟ ಭರವಸೆ 200 ಅಶ್ವಶಕ್ತಿ.

ಬಿಡಿಭಾಗಗಳಿಗೆ ಕೈ ಹಾಕುವ ಮೊದಲು ಕಾರನ್ನು ಡೈನೊ ರೋಲರ್ ಮೇಲೆ ಏರಿಸಿ, ಎರಡೆರಡು ನಿಮಿಷಗಳ ಅಂತರದಲ್ಲಿ ಮೂರು ಓಟ ಓಡಿಸಿದೆ. ರೋಲರ್ ಅಳೆಯುವುದು ಚಕ್ರಕ್ಕೆ ತಲುಪಿದ ಶಕ್ತಿಯನ್ನು. ಗೇರ್‌ಬಾಕ್ಸ್ ಮತ್ತು ಟೈರುಗಳು ತಿನ್ನುವುದನ್ನು ಕಳೆದರೆ, ಮಾರ್ಪಡಿಸದ ಇದೇ ಮಾದರಿಯ ಕಾರುಗಳು ನನ್ನ ರೋಲರ್ ಮೇಲೆ 140ರ ಆಸುಪಾಸಿನಲ್ಲಿ ನಿಂತಿವೆ. ಈ ಕಾರು ಮೊದಲ ಓಟದಲ್ಲಿ 163, ಎರಡನೆಯದರಲ್ಲಿ 156, ಮೂರನೆಯದರಲ್ಲಿ 148 ತೋರಿಸಿತು. ಒಡೆಯರ ದೂರು ಅಕ್ಷರಶಃ ನಿಜವಾಗಿತ್ತು.

ಇಷ್ಟಾದರೂ ಅವರಿಗೆ ಒಂದು ಸಂಗತಿ ಅರ್ಥವಾಗಿರಲಿಲ್ಲ. ಸೂಪರ್‌ಚಾರ್ಜರ್ ವಾತಾವರಣಕ್ಕಿಂತ ಎಷ್ಟು ಹೆಚ್ಚು ಒತ್ತಡ ಕೊಡುತ್ತಿದೆ ಎಂದು ಹೇಳುವ ಡ್ಯಾಷ್‌ಬೋರ್ಡಿನ ಬೂಸ್ಟ್ ಮೀಟರ್ ಮೂರು ಓಟಗಳಲ್ಲೂ 1 ಬಾರ್ ತೋರಿಸಿತ್ತು. ಪುಲ್ಲಿ ಬದಲಿಸುವ ಮುಂಚೆ ಅದು 0.8ರ ಹತ್ತಿರ ನಿಲ್ಲುತ್ತಿತ್ತು. ಒತ್ತಡ ಏರಿದೆ, ಏರಿದ್ದು ಇಳಿದೂ ಇಲ್ಲ, ಶಕ್ತಿ ಮಾತ್ರ ಇಳಿಯುತ್ತಿದೆ. ಈ ಪ್ರಕರಣದ ಗಂಟು ಇರುವುದು ಇಲ್ಲೇ.

ಎಂಜಿನ್ನಿಗೆ ಬೇಕಾದದ್ದು ಗಾಳಿಯ ತೂಕ. ಮೀಟರ್ ಹೇಳುವುದು ಒತ್ತಡವನ್ನು. ಇವೆರಡರ ನಡುವೆ ಉಷ್ಣತೆ ಇದೆ. ಓಟದ ಉದ್ದಕ್ಕೂ ಇಸಿಯುವಿನಿಂದ ದಾಖಲಿಸಿಕೊಂಡ ಅಂಕಿಗಳಲ್ಲಿ, 6,000 ಆರ್‌ಪಿಎಂನಲ್ಲಿ ಇಂಟರ್‌ಕೂಲರ್ ದಾಟಿ ಬಂದ ಗಾಳಿಯ ಉಷ್ಣತೆ ಮೊದಲ ಓಟದಲ್ಲಿ 54 ಡಿಗ್ರಿ, ಎರಡನೆಯದರಲ್ಲಿ 73, ಮೂರನೆಯದರಲ್ಲಿ 92 ಇತ್ತು. ಕಾಗದದ ಮೇಲೆ ಲೆಕ್ಕ ಹಾಕಿ ಒಡೆಯರಿಗೆ ತೋರಿಸಿದೆ. ಮೂಲ ಪುಲ್ಲಿಯೊಂದಿಗೆ 0.8 ಬಾರ್ ಬೂಸ್ಟ್, 55 ಡಿಗ್ರಿ ಗಾಳಿ ಇತ್ತೆಂದು ಇಟ್ಟುಕೊಳ್ಳೋಣ. ವಾತಾವರಣದ ಒತ್ತಡವನ್ನೂ ಸೇರಿಸಿದರೆ ಒಟ್ಟು 1.8 ಬಾರ್. ಉಷ್ಣತೆಯನ್ನು ಕೆಲ್ವಿನ್‌ಗೆ ತಂದರೆ 328. ಮೂರನೆಯ ಓಟದಲ್ಲಿ ಒಟ್ಟು ಒತ್ತಡ 2 ಬಾರ್, ಉಷ್ಣತೆ 365 ಕೆಲ್ವಿನ್. ಗಾಳಿಯ ಸಾಂದ್ರತೆ ಒತ್ತಡವನ್ನು ಉಷ್ಣತೆಯಿಂದ ಭಾಗಿಸಿದಷ್ಟು. 1.8 ಭಾಗಿಸು 328, 2 ಭಾಗಿಸು 365: ಎರಡರ ಉತ್ತರವೂ ಹೆಚ್ಚುಕಡಿಮೆ ಒಂದೇ. ಮೂರನೆಯ ಓಟದಲ್ಲಿ ಈ ಎಂಜಿನ್ ಮೂಲ ಪುಲ್ಲಿಯ ಎಂಜಿನ್ನಿಗಿಂತ ಒಂದು ಗ್ರಾಂ ಹೆಚ್ಚು ಗಾಳಿಯನ್ನೂ ಉಸಿರಾಡುತ್ತಿರಲಿಲ್ಲ. ಪುಲ್ಲಿ ಗಳಿಸಿಕೊಟ್ಟ ಶೇ. 11ರಷ್ಟು ಒತ್ತಡವನ್ನು ಶಾಖ ಒಂದು ಪೈಸೆಯೂ ಬಿಡದೆ ವಸೂಲು ಮಾಡಿತ್ತು.

ಅದರ ಮೇಲೆ ಬಾಡಿಗೆ ಬೇರೆ. ಎಂ45 ಎಂಬ ಹೆಸರಿನಲ್ಲಿರುವ 45, ಒಂದು ಸುತ್ತಿಗೆ ಅದು ದಬ್ಬುವ ಗಾಳಿಯ ಪ್ರಮಾಣ: 45 ಘನ ಇಂಚು, ಅಂದರೆ ಸುಮಾರು 737 ಸಿಸಿ. ಈ ಕಾರಿನಲ್ಲಿ ಸೂಪರ್‌ಚಾರ್ಜರ್ ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟ್‌ಗಿಂತ ಸುಮಾರು ಎರಡು ಪಟ್ಟು ವೇಗವಾಗಿ ತಿರುಗುತ್ತದೆ. ಎಂಜಿನ್ 6,000ದಲ್ಲಿದ್ದರೆ ಅದು 12,000ದ ಹತ್ತಿರ. ಪುಲ್ಲಿಯ ವ್ಯಾಸ ಶೇ. 19ರಷ್ಟು ಕಡಿಮೆಯಾದರೆ ವೇಗ ಹೆಚ್ಚುವುದು ಶೇ. 19ರಷ್ಟಲ್ಲ, ಶೇ. 23ಕ್ಕಿಂತ ತುಸು ಹೆಚ್ಚು. ಏಕೆಂದರೆ ಭಾಗಿಸಬೇಕಾದದ್ದು 0.81ರಿಂದ. ಹಾಗಾಗಿ ಅದು 15,000ದ ಹತ್ತಿರ ತಿರುಗುತ್ತಿತ್ತು. ಒಂದು ಸೆಕೆಂಡಿನಲ್ಲಿ ದಬ್ಬಿದ ಗಾಳಿಯ ಗಾತ್ರವನ್ನು ಎದುರಿನ ಒತ್ತಡದಿಂದ ಗುಣಿಸಿದರೆ ಅದನ್ನು ತಿರುಗಿಸಲು ಎಂಜಿನ್ ತೆರಬೇಕಾದ ಶಕ್ತಿ ಸಿಗುತ್ತದೆ. ಮೂಲ ಪುಲ್ಲಿಗೆ ಸುಮಾರು 16 ಅಶ್ವಶಕ್ತಿ, ಚಿಕ್ಕ ಪುಲ್ಲಿಗೆ ಸುಮಾರು 25. ಬೇರಿಂಗ್ ಮತ್ತು ಗೇರುಗಳ ಘರ್ಷಣೆ ಇದರಲ್ಲಿ ಸೇರಿಲ್ಲ.

ಇಷ್ಟು ಶಾಖ ಎಲ್ಲಿಂದ ಬಂತು ಎಂಬುದಕ್ಕೆ ಯಂತ್ರದ ಹುಟ್ಟನ್ನು ನೋಡಬೇಕು. ಎಂ45 ರೂಟ್ಸ್ ಬಗೆಯದು. ಅಮೆರಿಕದ ಇಂಡಿಯಾನಾದ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಈ ವಿನ್ಯಾಸ ಕಾರುಗಳಿಗಿಂತ ಹಳೆಯದು. ಕುಲುಮೆಗಳಿಗೂ ಗಣಿಗಳಿಗೂ ಗಾಳಿ ಊದುತ್ತಿದ್ದ ಯಂತ್ರದ ವಂಶ ಇದು. ಎರಡು ರೋಟರುಗಳು ಗಾಳಿಯನ್ನು ಹಲ್ಲುಗಳ ಸಂದಿನಲ್ಲಿ ಹಿಡಿದು ಆಚೆಗೆ ಸಾಗಿಸುತ್ತವೆ, ಒಳಗೆ ಅದನ್ನು ಅಮುಕುವುದಿಲ್ಲ. ಆಚೆ ಬದಿಗೆ ಬಾಯಿ ತೆರೆದೊಡನೆ ಅಲ್ಲಿನ ಹೆಚ್ಚಿನ ಒತ್ತಡದ ಗಾಳಿ ಹಿಂದಕ್ಕೆ ನುಗ್ಗಿ, ಹೊಸ ಗಾಳಿಯನ್ನು ಅಪ್ಪಳಿಸಿ ಅಮುಕುತ್ತದೆ. ಈ ಅಪ್ಪಳಿಕೆಯೇ ಶಾಖ. ಒತ್ತಡ ಏರಿದಷ್ಟೂ, ವೇಗ ಏರಿದಷ್ಟೂ ಹೆಚ್ಚು ದುಡಿಮೆ ಶಾಖವಾಗಿ ಪೋಲಾಗುತ್ತದೆ. ಕಡಿಮೆ ವೇಗದಲ್ಲೇ ತಡವಿಲ್ಲದೆ ಕಸುವು ಕೊಡುವ ಈ ಯಂತ್ರವನ್ನು ನಾನು ಬಹಳ ಇಷ್ಟಪಡುತ್ತೇನೆ. ಅದರ ಮಿತಿ ಮಾತ್ರ ಇದು.

ಇಲ್ಲಿಯವರೆಗೆ ಶಕ್ತಿ ಇಳಿದದ್ದಕ್ಕೆ ಕಾರಣ ಸಿಕ್ಕಿತು. ದಾಖಲೆಯ ಇನ್ನೊಂದು ಸಾಲು ನನ್ನನ್ನು ನಿಜವಾಗಿಯೂ ಕಳವಳಕ್ಕೀಡುಮಾಡಿತು. ಇಗ್ನಿಷನ್ ಟೈಮಿಂಗ್, ಅಂದರೆ ಪಿಸ್ಟನ್ ಮೇಲಿನ ತುದಿ ಮುಟ್ಟುವ ಮುಂಚೆ ಕ್ರ್ಯಾಂಕ್‌ಶಾಫ್ಟ್ ಇನ್ನೆಷ್ಟು ಡಿಗ್ರಿ ತಿರುಗಬೇಕಿರುವಾಗ ಕಿಡಿ ಹೊತ್ತುತ್ತದೆ ಎಂಬ ಲೆಕ್ಕ, ಮೊದಲ ಓಟದಲ್ಲಿ 16 ಡಿಗ್ರಿ ಮುಂಚಿತವಾಗಿತ್ತು, ಮೂರನೆಯದರಲ್ಲಿ 8ಕ್ಕೆ ಇಳಿದಿತ್ತು. ಬಿಸಿ ಗಾಳಿಯಲ್ಲಿ ಎಂಜಿನ್ ನಾಕ್ ಆಗುತ್ತದೆ: ಕಿಡಿಯಿಂದ ಹರಡುವ ಜ್ವಾಲೆ ತಲುಪುವ ಮೊದಲೇ ಮೂಲೆಯಲ್ಲಿರುವ ಮಿಶ್ರಣ ತಾನಾಗಿಯೇ ಸಿಡಿಯುತ್ತದೆ. ಅದನ್ನು ಕೇಳಿಸಿಕೊಂಡ ಇಸಿಯು ಕಿಡಿಯನ್ನು ತಡವಾಗಿಸಿ ಎಂಜಿನ್ನನ್ನು ಕಾಪಾಡುತ್ತದೆ. ಅಂದರೆ ಮೂರನೆಯ ಓಟದ ‘ಇಲಿ’ ವಾಸ್ತವದಲ್ಲಿ ಎಂಜಿನ್ನಿನ ಆತ್ಮರಕ್ಷಣೆ. ಹಾಗಿದ್ದರೆ ಮೊದಲ ಓಟದ ಹುಲಿಯ ಕಥೆ ಏನು?

ಎಕ್ಸಾಸ್ಟ್‌ನಲ್ಲಿ ಕೂರಿಸಿದ ವೈಡ್‌ಬ್ಯಾಂಡ್ ಸೆನ್ಸರ್ ಅದನ್ನು ಹೇಳಿತು. 6,000 ಆರ್‌ಪಿಎಂವರೆಗೆ ಗಾಳಿ ಮತ್ತು ಪೆಟ್ರೋಲಿನ ತೂಕದ ಅನುಪಾತ 11.9ರ ಹತ್ತಿರವಿತ್ತು, ಅದು ಸರಿ. 6,200 ದಾಟಿದ ಕೂಡಲೇ 13.2ಕ್ಕೆ ಏರಿತು. ಇಷ್ಟು ಬೂಸ್ಟ್ ಇರುವ ಎಂಜಿನ್ನಿಗೆ ಇದು ಅಪಾಯಕರವಾಗಿ ತೆಳುವಾದ, ಅಂದರೆ ಪೆಟ್ರೋಲ್ ಕಡಿಮೆಯಿರುವ ಮಿಶ್ರಣ. ಅದೇ ಗಳಿಗೆಯಲ್ಲಿ ನಾಕ್ ಸೆನ್ಸರ್ ಕೂಡ ಚಿಕ್ಕ ಚಿಕ್ಕ ಸಿಡಿತಗಳನ್ನು ದಾಖಲಿಸಿತ್ತು. ಇಂಜೆಕ್ಟರುಗಳು ಶೇ. 95ರಷ್ಟು ಹೊತ್ತು ತೆರೆದೇ ಇದ್ದವು, ಅವುಗಳಲ್ಲಿ ಕೊಡಲು ಇನ್ನೇನೂ ಉಳಿದಿರಲಿಲ್ಲ. ಮೂರನೆಯ ಓಟದಲ್ಲಿ ಗಾಳಿ ಕಡಿಮೆಯಾದ್ದರಿಂದ ಪೆಟ್ರೋಲಿನ ಕೊರತೆಯೂ ಕಡಿಮೆಯಾಗಿತ್ತು. ಒಡೆಯರು ಇಷ್ಟು ತಿಂಗಳು ಮೆಚ್ಚಿಕೊಂಡಿದ್ದ ಬೆಳಗಿನ ಆ ಮೊದಲ ಓಟವೇ ಎಂಜಿನ್ನನ್ನು ಒಳಗಿನಿಂದ ಕಡಿಯುತ್ತಿತ್ತು.

ನಾಲ್ಕು ಪ್ಲಗ್‌ಗಳನ್ನು ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಮೂರು ಪ್ಲಗ್‌ಗಳ ಪಿಂಗಾಣಿ ತಿಳಿ ಕಂದು ಬಣ್ಣಕ್ಕಿತ್ತು. ಮೂರನೆಯ ಸಿಲಿಂಡರಿನ ಪ್ಲಗ್ ಸುಣ್ಣ ಬಳಿದಂತೆ ಬೆಳ್ಳಗಿತ್ತು. ಭೂತಗನ್ನಡಿ ಹಿಡಿದು ನೋಡಿದರೆ ಆ ಬಿಳುಪಿನ ಮೇಲೆ, ಗಸಗಸೆಗಿಂತಲೂ ಸಣ್ಣದಾದ ಏಳೆಂಟು ಚುಕ್ಕೆಗಳು. ಕೆಲವು ಕರಿಯ, ಎರಡು ಬೆಳಕಿಗೆ ಫಳಕ್ಕೆಂದು ಹೊಳೆಯುತ್ತಿದ್ದವು. ಹೊಳೆಯುವುದು ಅಲ್ಯೂಮಿನಿಯಂ. ಈ ಎಂಜಿನ್ನಿನೊಳಗೆ ಅಲ್ಯೂಮಿನಿಯಂ ಇರುವುದು ಪಿಸ್ಟನ್‌ನಲ್ಲಿ ಮತ್ತು ಸಿಲಿಂಡರ್ ಹೆಡ್‌ನಲ್ಲಿ. ಒಡೆಯರ ಕೈಗೆ ಕನ್ನಡಿ ಕೊಟ್ಟೆ. ಅವರು ಬಹಳ ಹೊತ್ತು ನೋಡಿ, “ಇದು ಪಿಸ್ಟನ್ನಿನ ಚೂರೇ?” ಎಂದು ಮೆಲ್ಲಗೆ ಕೇಳಿದರು. ಹೌದೆಂದೆ. ಅದುವರೆಗೆ ಅಂಕಿಗಳಿಗೆ ತಲೆಯಾಡಿಸುತ್ತಿದ್ದವರು ಕಾರಿನ ಕೀಲಿಯನ್ನು ಮೇಜಿನ ಮೇಲಿಟ್ಟು, ಎಷ್ಟು ದಿನವಾದರೂ ಸರಿ ಎಂದರು.

ಪ್ಲಗ್‌ನ ರಂಧ್ರದಿಂದ ಕ್ಯಾಮೆರಾ ಇಳಿಸಿ ನೋಡಿದಾಗ ಆ ಪಿಸ್ಟನ್ನಿನ ಅಂಚು ಮರಳುಕಾಗದದಿಂದ ತಿಕ್ಕಿದಂತೆ ತುಸು ಒರಟಾಗಿತ್ತು, ಬಿರುಕಿರಲಿಲ್ಲ. ಕಂಪ್ರೆಷನ್ ಪರೀಕ್ಷೆಯಲ್ಲಿ ನಾಲ್ಕೂ ಸಿಲಿಂಡರುಗಳು ಪರಸ್ಪರ ಶೇ. 5ರ ಒಳಗೇ ಇದ್ದವು. ಎಂಜಿನ್ ಬಿಚ್ಚುವ ಅಗತ್ಯ ಬೀಳಲಿಲ್ಲ.

ಉಳಿದ ತಪಾಸಣೆಯಲ್ಲಿ ಮೂರು ಸಂಗತಿಗಳು ಸಿಕ್ಕವು. ಮೊದಲನೆಯದು ಬೆಲ್ಟ್. ಸೂಪರ್‌ಚಾರ್ಜರಿನ ಸುತ್ತ ಕಾಡಿಗೆಯಂಥ ನಯವಾದ ಕರಿ ಪುಡಿ ಹರಡಿತ್ತು, ಬೆಲ್ಟಿನ ಒಳಮೈ ಗಾಜಿನಂತೆ ಮಿರುಗುತ್ತಿತ್ತು. ಪುಲ್ಲಿ ಚಿಕ್ಕದಾದಾಗ ಅದನ್ನು ಸುತ್ತಿ ಹಿಡಿಯುವ ಬೆಲ್ಟಿನ ಉದ್ದವೂ ಕಡಿಮೆಯಾಗುತ್ತದೆ, ಎಳೆಯಬೇಕಾದ ಹೊರೆ ಮಾತ್ರ ಹೆಚ್ಚುತ್ತದೆ. ಇಲ್ಲಿ ಹಳೆಯ ಉದ್ದದ ಬೆಲ್ಟನ್ನೇ ಉಳಿಸಿಕೊಂಡಿದ್ದರು, ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ದಣಿದಿತ್ತು. 6,000ದಲ್ಲಿ 1 ಬಾರ್ ಇದ್ದ ಬೂಸ್ಟ್ 6,500ಕ್ಕೆ ಬರುವಾಗ 0.88ಕ್ಕೆ ಇಳಿಯುತ್ತಿದ್ದುದಕ್ಕೆ ಇದೇ ಕಾರಣ: ಬೆಲ್ಟ್ ಜಾರುತ್ತಿತ್ತು. ಬೆಲ್ಟಿನಿಂದ ತಿರುಗುವ ಸೂಪರ್‌ಚಾರ್ಜರಿನಲ್ಲಿ ಆರ್‌ಪಿಎಂ ಏರುವಾಗ ಬೂಸ್ಟ್ ಹೀಗೆ ಕುಸಿದರೆ ಬೆಲ್ಟ್ ಮತ್ತು ಒತ್ತಿದ ಗಾಳಿಯನ್ನು ಹಿಂದಕ್ಕೆ ಬಿಡುವ ಬೈಪಾಸ್ ವಾಲ್ವ್ ಎರಡನ್ನೂ ನೋಡಲೇಬೇಕು. ಇಲ್ಲಿ ಬೈಪಾಸ್ ವಾಲ್ವ್ ಸರಿಯಾಗಿಯೇ ಮುಚ್ಚುತ್ತಿತ್ತು.

ಎರಡನೆಯದು ಇಂಟರ್‌ಕೂಲರ್. ಗಾಳಿ ಸೋರದಂತೆ ಜೋಡಿಸುವ ಅದರ ಎರಡು ತುದಿಗಳ ರಬ್ಬರ್ ಬೂಟುಗಳಲ್ಲಿ ಒಂದು ಅಡಿಭಾಗದಲ್ಲಿ ಹರಿದಿತ್ತು. ಮೇಲಿನಿಂದ ನೋಡಿದರೆ ಕಾಣುವಂತಿರಲಿಲ್ಲ. ಬೆರಳು ಹಾಯಿಸಿದಾಗ ಎಣ್ಣೆಯ ಜಿಡ್ಡಿನ ನಡುವೆ ಸೀಳು ಸಿಕ್ಕಿತು. ಇಷ್ಟು ಕಷ್ಟಪಟ್ಟು ಬಿಸಿ ಮಾಡಿ ಒತ್ತಿದ ಗಾಳಿಯ ಒಂದು ಪಾಲು ಅಲ್ಲಿಂದ ಸೋರಿಹೋಗುತ್ತಿತ್ತು. ಇಂಟರ್‌ಕೂಲರಿನ ರೆಕ್ಕೆಗಳ ಸಂದಿನಲ್ಲಿ ಧೂಳು, ಹುಳಗಳು, ಎಣ್ಣೆ ಸೇರಿ ಹೆಪ್ಪುಗಟ್ಟಿದ್ದವು. ಬಾನೆಟ್ಟಿನ ಗಾಳಿಕಿಂಡಿಯಿಂದ ಬರುವ ಗಾಳಿಯನ್ನು ನೇರವಾಗಿ ಇಂಟರ್‌ಕೂಲರಿನ ಮೇಲೆ ಹರಿಸಬೇಕಾದ ಅಂಚಿನ ಸೀಲ್ ಕಾಣೆಯಾಗಿತ್ತು. ಹಿಂದಿನ ಕೆಲಸದಲ್ಲಿ ತೆಗೆದವರು ಮರಳಿ ಹಾಕಿರಲಿಲ್ಲ. ಗಾಳಿ ಸುಲಭದ ದಾರಿ ಹಿಡಿದು ಅಕ್ಕಪಕ್ಕದಿಂದ ಹೊರಟುಹೋಗುತ್ತಿತ್ತು.

ಮೂರನೆಯದು ಸೂಪರ್‌ಚಾರ್ಜರಿನೊಳಗಿನ ಎಣ್ಣೆ. ಈ ಎಂಜಿನ್ನಿನ ಒಂದು ವಿಶೇಷವನ್ನು ಪುಲ್ಲಿ ಬದಲಿಸುವ ಬಹಳ ಮಂದಿ ಮರೆಯುತ್ತಾರೆ: ಇದರ ನೀರಿನ ಪಂಪು ತಿರುಗುವುದು ಸೂಪರ್‌ಚಾರ್ಜರಿನ ಇನ್ನೊಂದು ತುದಿಯ ಗೇರಿನಿಂದ. ಆ ಗೇರು ಒಣಗಿ ಸವೆದರೆ ಬೂಸ್ಟ್ ಇದ್ದಂತೆಯೇ ಇರುತ್ತದೆ, ನೀರಿನ ಹರಿವು ನಿಲ್ಲುತ್ತದೆ, ಎಂಜಿನ್ ಕುದಿಯುತ್ತದೆ. ಸೂಪರ್‌ಚಾರ್ಜರನ್ನು ಇಳಿಸಿ ಆ ತುದಿಯನ್ನು ತೆರೆದಾಗ ಹೊರಬಂದದ್ದು ಒಂದೆರಡು ಚಮಚ ಕಪ್ಪು ದ್ರವ. ಅದರ ದುರ್ವಾಸನೆ ಕೈಯಿಂದ ಎರಡು ದಿನ ಹೋಗಲಿಲ್ಲ. ಗೇರಿನ ಹಲ್ಲುಗಳು ಅದೃಷ್ಟವಶಾತ್ ಚೆನ್ನಾಗಿದ್ದವು. ಎರಡೂ ತುದಿಗಳನ್ನು ತೊಳೆದು, ಸೂಪರ್‌ಚಾರ್ಜರಿಗೆಂದೇ ಇರುವ ಎಣ್ಣೆ ತುಂಬಿ, ಸೀಲುಗಳನ್ನು ಬದಲಿಸಿದೆ. ವೇಗ ಹೆಚ್ಚಿಸುವ ಮೊದಲು ಮಾಡಬೇಕಾದ ಕೆಲಸ ಇದು. ಇದನ್ನು ಮಾಡದೆ ಪುಲ್ಲಿ ಹಾಕಿಕೊಡುವುದನ್ನು ನಾನು ಒಪ್ಪುವುದಿಲ್ಲ.

ಮುಂದೆ ಏನು ಮಾಡಬೇಕೆಂಬ ವಿಷಯದಲ್ಲಿ ನಮ್ಮಿಬ್ಬರ ನಡುವೆ ಒಂದು ಚರ್ಚೆ ನಡೆಯಿತು. ಶೇ. 19ರ ಪುಲ್ಲಿಯನ್ನು ತೆಗೆದು ಶೇ. 15ರದ್ದನ್ನು ಹಾಕೋಣ ಎಂದೆ. ದೊಡ್ಡ ಪುಲ್ಲಿಯಿಂದ ಶಕ್ತಿ ಹೇಗೆ ಹೆಚ್ಚುತ್ತದೆ ಎಂದು ಅವರು ಕೇಳಿದ್ದು ಸಹಜವಾಗಿತ್ತು. ಶೇ. 15ರ ಪುಲ್ಲಿಯಲ್ಲಿ ಸೂಪರ್‌ಚಾರ್ಜರಿನ ವೇಗ ಮೂಲಕ್ಕಿಂತ ಸುಮಾರು ಶೇ. 18ರಷ್ಟು ಹೆಚ್ಚು. ಶೇ. 19ರದ್ದಕ್ಕೆ ಹೋಲಿಸಿದರೆ ಇಳಿಕೆ ಶೇ. 5ಕ್ಕಿಂತ ಕಡಿಮೆ. ಅಷ್ಟನ್ನು ಬಿಟ್ಟುಕೊಟ್ಟರೆ ಬೆಲ್ಟಿಗೆ ಹಿಡಿತ ಸಿಗುತ್ತದೆ, ಶಾಖ ಇಳಿಯುತ್ತದೆ, ಶಾಖ ಇಳಿದರೆ ಕಿಡಿಯನ್ನು ಮತ್ತೆ ಮುಂಚಿತವಾಗಿ ಹಚ್ಚಬಹುದು. ಬೂಟಿನ ಸೋರಿಕೆಯನ್ನು ನಿಲ್ಲಿಸಿದರೆ ಒತ್ತಡದಲ್ಲಿ ಕಳೆದುಕೊಳ್ಳುವುದೂ ಹೆಚ್ಚೇನಿರುವುದಿಲ್ಲ ಎಂದು ವಿವರಿಸಿದೆ. ಅವರು ಒಪ್ಪಿದರು, ಆದರೆ ಹಳೆಯ ಪುಲ್ಲಿಯನ್ನು ಎಸೆಯಬೇಡಿ ಎಂದರು. ಅದನ್ನು ಕಾಗದದಲ್ಲಿ ಸುತ್ತಿ ಅವರಿಗೇ ಕೊಟ್ಟೆ.

ಕೆಲಸದ ಕ್ರಮವನ್ನು ಹೇಳಲೇಬೇಕು, ಏಕೆಂದರೆ ಇಂಥ ಎಂಜಿನ್‌ಗಳು ಕೆಡುವುದು ಹೆಚ್ಚಾಗಿ ಕ್ರಮ ತಪ್ಪಿದಾಗ. ಮೊದಲು ಸೋರಿಕೆ ನಿಲ್ಲಿಸಿದೆ: ಹೊಸ ಬೂಟುಗಳು, ತೊಳೆದ ಇಂಟರ್‌ಕೂಲರ್, ಅಂಚಿಗೆ ಹೊಸ ಸೀಲ್. ಆಮೇಲೆ ಪುಲ್ಲಿ, ಅದಕ್ಕೆ ತಕ್ಕ ಉದ್ದದ ಬೆಲ್ಟ್, ಹೊಸ ಟೆನ್ಷನರ್. ಇಷ್ಟೇ ಮಾಡಿ, ಅರ್ಧ ಆಕ್ಸಿಲರೇಟರಿನಲ್ಲಿ ಓಡಿಸಿ ಉಷ್ಣತೆ ನೋಡಿದೆ. ಏರುವ ವೇಗ ಆಗಲೇ ಗಣನೀಯವಾಗಿ ತಗ್ಗಿತ್ತು. ದೊಡ್ಡ ಇಂಟರ್‌ಕೂಲರಿನ ಹಂಗಿಲ್ಲದೆ, ಬಹುಪಾಲು ಬ್ರಷ್ಷು ಮತ್ತು ಒಂದು ರಬ್ಬರ್ ಪಟ್ಟಿಯಿಂದ ಸಿಕ್ಕ ಆ ಲಾಭ ನನಗೆ ಇಂದಿಗೂ ಈ ಪ್ರಕರಣದ ಅತ್ಯಂತ ಸಂತೋಷದ ಭಾಗ. ಅದಾದ ಮೇಲೆಯೇ ಮೂಲಕ್ಕಿಂತ ದಪ್ಪದ ಇಂಟರ್‌ಕೂಲರನ್ನು ತರಿಸಿ ಕೂರಿಸಿದೆವು.

ನಂತರ ಪೆಟ್ರೋಲ್. ಸೂಪರ್‌ಚಾರ್ಜರ್ ಇರುವ ಎಂಜಿನ್ನಿಗೆ ಪ್ರತಿ ಅಶ್ವಶಕ್ತಿಗೆ ಗಂಟೆಗೆ ಸುಮಾರು 270 ಗ್ರಾಂ ಪೆಟ್ರೋಲ್ ಎಂದು ಲೆಕ್ಕ ಹಿಡಿಯುತ್ತೇನೆ. 163 ಅಶ್ವಶಕ್ತಿಗೆ ಒಂದೊಂದು ಇಂಜೆಕ್ಟರ್ ನಿಮಿಷಕ್ಕೆ ಸುಮಾರು 250 ಸಿಸಿ ಕೊಡಬೇಕು. ಮೂಲ ಇಂಜೆಕ್ಟರಿನ ಸಾಮರ್ಥ್ಯ 330 ಸಿಸಿ, ಅಂದರೆ ನಾಲ್ಕರಲ್ಲಿ ಮೂರು ಪಾಲು ದುಡಿಮೆ, ಆರಾಮ. 200 ಅಶ್ವಶಕ್ತಿಗೆ 300 ಸಿಸಿಗಿಂತ ಹೆಚ್ಚು ಬೇಕು, ಅದು ಶೇ. 92ರ ದುಡಿಮೆ. ಶೇ. 85 ದಾಟುವುದು ನನಗೆ ಸಮ್ಮತವಲ್ಲ. 380 ಸಿಸಿಯ ಇಂಜೆಕ್ಟರುಗಳನ್ನು ಹಾಕಿ, ಶಾಖವನ್ನು ಬೇಗ ಬಿಟ್ಟುಕೊಡುವ, ಒಂದು ಹಂತ ತಣ್ಣನೆಯ ಪ್ಲಗ್‌ಗಳನ್ನು ಕೂರಿಸಿದೆ. ತೊಟ್ಟಿಯಲ್ಲಿ ಉಳಿದಿದ್ದ ಪೆಟ್ರೋಲನ್ನು ಪೂರ್ತಿ ಖಾಲಿ ಮಾಡಿ ನಾಕ್ ತಡೆಯುವ ಹೆಚ್ಚಿನ ಆಕ್ಟೇನಿನದನ್ನು ತುಂಬಿಸಿದೆ. ಮ್ಯಾಪ್ ಯಾವ ಪೆಟ್ರೋಲಿನ ಮೇಲೆ ಬರೆದದ್ದೋ ಮುಂದೆಯೂ ಅದನ್ನೇ ಹಾಕಬೇಕು ಎಂದು ಒಡೆಯರಿಗೆ ಬರೆದು ಕೊಟ್ಟೆ.

ಮ್ಯಾಪಿಂಗ್‌ಗೆ ಒಂದೂವರೆ ದಿನ ಹಿಡಿಯಿತು. ಟೈಮಿಂಗನ್ನು ಬೇಕೆಂದೇ ಬಹಳ ತಡವಾಗಿಟ್ಟು, ಎಲ್ಲ ವೇಗಗಳಲ್ಲೂ ಪೆಟ್ರೋಲಿನ ಪ್ರಮಾಣವನ್ನು ಮೊದಲು ಸರಿಪಡಿಸಿದೆ. ಪೂರ್ಣ ಬೂಸ್ಟ್‌ನಲ್ಲಿ ಅನುಪಾತ 11.8ಕ್ಕೆ ನಿಂತು, 6,800ರವರೆಗೂ ಅಲುಗದಿದ್ದಾಗ ಮಾತ್ರ ಟೈಮಿಂಗಿಗೆ ಕೈ ಹಾಕಿದೆ. ಒಂದೊಂದೇ ಡಿಗ್ರಿ ಮುಂದಕ್ಕೆ, ಪ್ರತಿ ಸಲವೂ ಒಂದು ಓಟ, ಪ್ರತಿ ಓಟದ ನಂತರ ಮೂರನೆಯ ಪ್ಲಗ್ ಬಿಚ್ಚಿ ಕನ್ನಡಿಯಲ್ಲಿ ನೋಡುವುದು. 17 ಡಿಗ್ರಿಯಲ್ಲಿ ನಾಕ್‌ನ ಮೊದಲ ಸುಳಿವು ಸಿಕ್ಕಿತು. 15ಕ್ಕೆ ಹಿಂತಿರುಗಿ ಅಲ್ಲೇ ನಿಲ್ಲಿಸಿದೆ. 16ರಲ್ಲಿ ಇನ್ನೂ 2 ಅಶ್ವಶಕ್ತಿ ಸಿಗುತ್ತಿತ್ತು. ಒಂದು ಬಿಸಿ ದಿನದ ಏರುದಾರಿಯಲ್ಲಿ ಆ ಎರಡರ ಬೆಲೆ ಒಂದು ಪಿಸ್ಟನ್ ಆಗಬಹುದಿತ್ತು.

ಮತ್ತೆ ಅದೇ ರೋಲರ್, ಅದೇ ಎರಡು ನಿಮಿಷಗಳ ಅಂತರ, ಮೂರು ಓಟ. 177, 175, 174. ಇಂಟರ್‌ಕೂಲರ್ ದಾಟಿದ ಗಾಳಿ ಮೊದಲ ಓಟದಲ್ಲಿ 38 ಡಿಗ್ರಿ, ಮೂರನೆಯದರಲ್ಲಿ 47. ಬೂಸ್ಟ್ 0.95 ಬಾರ್, 6,500ರಲ್ಲೂ ಕುಸಿಯಲಿಲ್ಲ. ಮೂರನೆಯ ಓಟಗಳನ್ನಷ್ಟೇ ಹೋಲಿಸಿದರೆ, ಕಡಿಮೆ ಬೂಸ್ಟ್‌ನಲ್ಲಿ 26 ಅಶ್ವಶಕ್ತಿ ಹೆಚ್ಚು. ಕ್ರ್ಯಾಂಕ್‌ಶಾಫ್ಟ್‌ನಲ್ಲಿ ಇದು 200ರ ಹತ್ತಿರಕ್ಕೇ ಬರುತ್ತದೆ. ಅವರಿಗೆ ಮೊದಲು ಸಿಕ್ಕಿದ್ದ ಭರವಸೆ ಸುಳ್ಳಾಗಿರಲಿಲ್ಲ, ಅದನ್ನು ಈಡೇರಿಸುವ ಕೆಲಸ ಅರ್ಧಕ್ಕೇ ನಿಂತಿತ್ತು.

4,000 ಕಿಲೋಮೀಟರ್ ಓಡಿದ ಮೇಲೆ ಕಾರು ತಪಾಸಣೆಗೆ ಬಂತು. ಸೂಪರ್‌ಚಾರ್ಜರಿನ ಸುತ್ತ ಕರಿ ಪುಡಿ ಇರಲಿಲ್ಲ. ಮೂರನೆಯ ಪ್ಲಗ್ ಉಳಿದ ಮೂರರಂತೆಯೇ ತಿಳಿ ಕಂದಾಗಿತ್ತು, ಕನ್ನಡಿಯಲ್ಲಿ ಒಂದು ಚುಕ್ಕೆಯೂ ಕಾಣಲಿಲ್ಲ. ಕ್ಯಾಮೆರಾದಲ್ಲಿ ಪಿಸ್ಟನ್ನಿನ ಅಂಚು ಹಿಂದಿನಷ್ಟೇ ಒರಟಾಗಿತ್ತು, ಹೆಚ್ಚಿರಲಿಲ್ಲ. ಒಡೆಯರು ಈಗ ಎಕ್ಸಾಸ್ಟ್ ಹೆಡರ್ (ಸಿಲಿಂಡರುಗಳಿಂದ ಹೊಗೆಯನ್ನು ಹೊರಗೊಯ್ಯುವ ಕೊಳವೆಗಳು) ಮತ್ತು ಬೇರೆ ಕ್ಯಾಮ್‌ಶಾಫ್ಟ್ ಬಗ್ಗೆ ಕೇಳುತ್ತಿದ್ದಾರೆ. ಹೆಡರ್‌ಗೆ ಒಪ್ಪಿದ್ದೇನೆ. ಎಂಜಿನ್ ಸುಲಭವಾಗಿ ಉಸಿರು ಬಿಟ್ಟರೆ ಬೂಸ್ಟ್ ಮೀಟರಿನ ಮುಳ್ಳು ಇನ್ನಷ್ಟು ಕೆಳಗೆ ನಿಲ್ಲುತ್ತದೆ ಎಂದು ಹೇಳಿದಾಗ ಈ ಬಾರಿ ಅವರು ಏಕೆ ಎಂದು ಕೇಳಲಿಲ್ಲ, ಯಾವಾಗ ಕಾರು ತರಲಿ ಎಂದು ಕೇಳಿದರು.